ಸುಣ್ಣದ ಗುಟ್ಟು ಹೇಳಿದ ಅರಿಷಿಣ

ನಮ್ಮ ಮೆಣಸಗಿಯ ಕಡೆ ಬಾಣಂತಿ ಕೂಸನ್ನು ಎತ್ತಿಕೊಂಡು ಮನೆಗೆ ಬಂದರೆ, ಹೊಸ್ತಿಲು ದಾಟುವ ಮುಂಚೆ ಹಿರಿಯರೊಬ್ಬರು ತಾಟಿನಲ್ಲಿ ಕೆಂಪು ನೀರು ತಂದು ದೃಷ್ಟಿ ತೆಗೆಯುತ್ತಾರೆ. ನೀವೂ ನೋಡಿರುತ್ತೀರಿ. ಆದರೆ ಆ ನೀರು ಕೆಂಪಾಗುವುದನ್ನು ಹತ್ತಿರ ಕೂತು ನೋಡಿದ್ದೀರಾ? ತಾಟಿನ ನೀರಿಗೆ ಮೊದಲು ಚಿಟಿಕೆ ಅರಿಷಿಣ ಬೀಳುತ್ತದೆ, ನೀರು ಹಳದಿಯಾಗುತ್ತದೆ. ಆಮೇಲೆ ಆಯಿ ತನ್ನ ಎಲೆ ಅಡಿಕೆಯ ಸಂಚಿ ಬಿಚ್ಚಿ, ಉಗುರ ತುದಿಯಷ್ಟು ಸುಣ್ಣ ತೆಗೆದು ಕಲಸುತ್ತಾಳೆ. ನೋಡನೋಡುತ್ತಲೇ ಹಳದಿ ಹೋಗಿ ಕೆಂಪು ಬರುತ್ತದೆ.

ಮೊನ್ನೆ ನನ್ನ ಮೊಮ್ಮಗಳು ಇದನ್ನು ನೋಡಿ ಕೇಳಿದಳು: "ಅಜ್ಜಾ, ಸುಣ್ಣ ಬೆಳ್ಳಗ ಐತಿ, ಅರಿಷಿಣ ಹಳದಿ ಐತಿ. ನಡುವ ಈ ಕೆಂಪು ಎಲ್ಲಿಂದ ಬಂತು?" ನಾನು ಉತ್ತರ ಹೇಳಲಿಲ್ಲ. ಎರಡು ಗಾಜಿನ ಲೋಟ ತಂದೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸುಣ್ಣ ಕದಡಿ, ತಳಕ್ಕೆ ಇಳಿದ ಮೇಲೆ ಬಸಿದ ತಿಳಿನೀರು. ಎರಡೂ ಒಂದೇ ಥರ ಕಾಣುತ್ತಿದ್ದವು. "ಸುಣ್ಣ ಯಾವುದರಾಗ ಐತಿ, ಹೇಳು ನೋಡೋಣ" ಅಂದೆ. ಅವಳು ಬಗ್ಗಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ಗೊತ್ತಾಗಲಿಲ್ಲ.

ಎರಡಕ್ಕೂ ಅರಿಷಿಣದ ನೀರನ್ನು ನಾಲ್ಕು ನಾಲ್ಕು ಹನಿ ಹಾಕಿದೆ. ಒಂದು ಲೋಟ ಹಳದಿಯಾಗಿಯೇ ಉಳಿಯಿತು, ಇನ್ನೊಂದು ಕೆಂಪಾಯಿತು. ಕಣ್ಣಿಗೆ ಕಾಣದೆ ಅಡಗಿ ಕೂತಿದ್ದ ಸುಣ್ಣದ ಚಾಡಿಯನ್ನು ಅರಿಷಿಣ ಹೇಳಿಬಿಟ್ಟಿತು! ಮಕ್ಕಳೇ, ಇವತ್ತು ನಾನು ಹೇಳಹೊರಟಿರುವುದೂ ಇಂಥದೇ ಒಂದು ಕತೆ. ಕಾಣದ್ದನ್ನು ಬಣ್ಣ ಹಾಕಿ ಕಾಣಿಸುವ ಕತೆ. ಅದು ನಡೆಯುವ ಜಾಗ ಮಾತ್ರ ಬೇರೆ, ನಮ್ಮ ಹೊಟ್ಟೆಯೊಳಗೆ.

ಬನ್ನಿ, ಒಂದು ತುತ್ತು ರೊಟ್ಟಿಯ ಬೆನ್ನು ಹತ್ತಿ ಹೋಗೋಣ. ಬಾಯಲ್ಲಿ ಅಗಿದ ಜೋಳದ ರೊಟ್ಟಿ ಅನ್ನನಾಳದಲ್ಲಿ ಜಾರಿ ಒಂದು ಚೀಲಕ್ಕೆ ಬೀಳುತ್ತದೆ. ಅದೇ ಜಠರ. ಅದರೊಳಗೆ ನಿಂಬೆಹಣ್ಣಿಗಿಂತಲೂ ಹುಳಿಯಾದ ಆಮ್ಲ ಊರುತ್ತದೆ. ಚೀಲ ತಾನೇ ಹಿಂಡುತ್ತ, ನಾದುತ್ತ, ನಿಮ್ಮ ಅವ್ವ ಕೊಣಮಿಗೆಯಲ್ಲಿ ಹಿಟ್ಟು ನಾದಿದ ಹಾಗೆ ಊಟವನ್ನು ಮೆತ್ತಗೆ ಮಾಡುತ್ತದೆ.

ಇಷ್ಟು ಹುಳಿ ಇದ್ದರೂ ಚೀಲ ತೂತು ಬೀಳುವುದಿಲ್ಲವಲ್ಲ, ಯಾಕೆ? ಅದರ ಗೋಡೆ ನಮ್ಮ ಹಳೆಯ ಮಾಳಿಗೆ ಮನೆಯ ಗೋಡೆಯಂತೆ ಪದರು ಪದರಾಗಿದೆ. ಒಳಗಡೆ ಲೋಳೆ ಸವರಿದ ನುಣುಪಾದ ಪೊರೆ, ಮನೆಯ ಒಳಗೋಡೆಗೆ ಸಾರಿಸಿದ ಹಾಗೆ. ಅದರ ಹಿಂದೆ ರಕ್ತನಾಳಗಳು ಓಡಾಡುವ ಸಡಿಲ ಪದರು. ಅದರ ಹಿಂದೆ ಹಿಂಡುವ, ನಾದುವ ದಪ್ಪ ಸ್ನಾಯು. ಎಲ್ಲಕ್ಕಿಂತ ಹೊರಗೆ ತೆಳ್ಳನೆಯ ಹೊದಿಕೆ. ಈ ನಾಲ್ಕು ಪದರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈ ಗೋಡೆಯ ಇಟ್ಟಿಗೆಗಳೇ ಜೀವಕೋಶಗಳು. ಅವು ಎಷ್ಟು ಸಣ್ಣವು ಗೊತ್ತೇ? ಒಂದು ಜೋಳದ ಕಾಳನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲು ಹಚ್ಚಿ ನಿಲ್ಲಿಸಿದರೆ ಇನ್ನೂರಕ್ಕೂ ಹೆಚ್ಚು ಜೀವಕೋಶಗಳು ನಿಲ್ಲುತ್ತವೆ. ಮನೆಯ ಇಟ್ಟಿಗೆಗೆ ಜೀವವಿಲ್ಲ, ಇವಕ್ಕಿದೆ. ಜಠರದ ಒಳಮೈಯ ಜೀವಕೋಶಗಳು ಕೆಲವೇ ದಿನ ದುಡಿದು ಉದುರುತ್ತವೆ, ಕೆಳಗಿನಿಂದ ಹೊಸವು ಹುಟ್ಟಿ ಆ ಜಾಗಕ್ಕೆ ಬರುತ್ತವೆ. ಹೋದ ವಾರ ನಿಮ್ಮ ಊಟ ಅರಗಿಸಿದ ಒಳಗೋಡೆಯ ಮೇಲ್ಮೈ ಇವತ್ತಿನದಲ್ಲ!

ಈಗ ಈ ಜೀವಕೋಶಗಳೊಳಗಿನ ಪ್ರೋಟೀನು. ಆ ಮಾತು ಕೇಳಿದ ಕೂಡಲೇ ನಿಮಗೆ ಬೇಳೆ, ಮೊಟ್ಟೆ, ಮೊಳಕೆ ಬರಿಸಿದ ಹೆಸರುಕಾಳು ನೆನಪಾಗುತ್ತವೆ. ಸರಿಯೇ. ಆದರೆ ಪ್ರೋಟೀನು ತಟ್ಟೆಯಲ್ಲಷ್ಟೇ ಇಲ್ಲ, ನಿಮ್ಮ ಮೈತುಂಬ ಇದೆ. ನಿಮ್ಮ ಕೂದಲು ಒಂದು ಪ್ರೋಟೀನು. ರಕ್ತಕ್ಕೆ ಕೆಂಪು ಕೊಡುವುದು ಇನ್ನೊಂದು. ಊಟ ಅರಗಿಸುವ ರಸದಲ್ಲಿ ಇರುವವೂ ಪ್ರೋಟೀನುಗಳೇ.

ಪ್ರೋಟೀನನ್ನು ಹೀಗೆ ಊಹಿಸಿಕೊಳ್ಳಿ. ಇಪ್ಪತ್ತು ಬಗೆಯ ಮಣಿಗಳಿವೆ. ಅವುಗಳನ್ನು ಬೇರೆ ಬೇರೆ ಸಾಲಿನಲ್ಲಿ ಪೋಣಿಸಿ ಸರ ಮಾಡಿದರೆ, ಸರ ತಾನಾಗಿ ಸುರುಳಿ ಸುತ್ತಿ ಒಂದು ಆಕಾರಕ್ಕೆ ಬರುತ್ತದೆ. ಒಂದೊಂದು ಸರಕ್ಕೆ ಒಂದೊಂದು ಆಕಾರ, ಒಂದೊಂದು ಕೆಲಸ. ನಮ್ಮ ವರ್ಣಮಾಲೆಯ 49 ಅಕ್ಷರಗಳಲ್ಲಿ ಎಷ್ಟೊಂದು ಮಾತು ಹುಟ್ಟುತ್ತವೆ! ಹಾಗೆಯೇ ಈ 20 ಮಣಿಗಳಿಂದ ಸಾವಿರಾರು ಪ್ರೋಟೀನುಗಳು ಹುಟ್ಟುತ್ತವೆ. ನೀವು ತಿಂದ ಬೇಳೆಯ ಸರಗಳನ್ನು ಹೊಟ್ಟೆ ಬಿಚ್ಚುತ್ತದೆ, ಅದೇ ಮಣಿಗಳಿಂದ ಮೈ ತನಗೆ ಬೇಕಾದ ಸರ ಪೋಣಿಸಿಕೊಳ್ಳುತ್ತದೆ.

ಯಾವ ಮಣಿಯ ಮುಂದೆ ಯಾವ ಮಣಿ ಎಂಬುದನ್ನು ಬರೆದಿಟ್ಟ ಪುಸ್ತಕ ಹೆಚ್ಚುಕಡಿಮೆ ಪ್ರತಿ ಜೀವಕೋಶದೊಳಗೂ ಇದೆ. ಒಂದು ಜೀವಕೋಶ ಒಡೆದು ಎರಡಾಗುವಾಗ ಆ ಪುಸ್ತಕವನ್ನು ಪೂರ್ತಿ ನಕಲು ಮಾಡಬೇಕು. ನೀವು ಹಲಗೆ ನೋಡಿ ಬರೆದುಕೊಳ್ಳುವಾಗ ಒಮ್ಮೊಮ್ಮೆ ಕೊಂಬು ಬಿಟ್ಟು ಹೋಗುತ್ತದೆ, ದೀರ್ಘ ತಪ್ಪುತ್ತದೆ. ಇಲ್ಲಿಯೂ ತಪ್ಪುಗಳಾಗುತ್ತವೆ. ಬಹಳಷ್ಟನ್ನು ಮೈ ತಾನೇ ತಿದ್ದಿಕೊಳ್ಳುತ್ತದೆ. ಆದರೆ ತಿದ್ದದೆ ಉಳಿದ ತಪ್ಪುಗಳು ವರ್ಷಾನುಗಟ್ಟಲೆ ಒಂದರ ಮೇಲೊಂದು ಕೂಡಿದರೆ, ಒಂದು ಜೀವಕೋಶ ಗಂಟೆ ಹೊಡೆದರೂ ತರಗತಿಗೆ ಬಾರದ ಹುಡುಗನಂತೆ ಯಾರ ಮಾತೂ ಕೇಳದಾಗುತ್ತದೆ. ನಿಲ್ಲಬೇಕಾದಾಗ ನಿಲ್ಲದೆ ಒಡೆದು ಒಡೆದು ಹೆಚ್ಚುತ್ತದೆ. ದೊಡ್ಡವರು ದನಿ ತಗ್ಗಿಸಿ ಹೇಳುವ ಕ್ಯಾನ್ಸರ್ ಎಂದರೆ ಇದೇ. ಅದು ಯಾರ ಶಾಪವೂ ಅಲ್ಲ. ಕ್ಯಾನ್ಸರ್ ಆದ ಅಜ್ಜನ ಪಕ್ಕ ಕೂತು ಉಂಡರೆ ನಿಮಗೆ ಅದು ಅಂಟುವುದಿಲ್ಲ.

ಜಠರದಲ್ಲಿ ಈ ಕೆಲಸ ಬಹಳ ನಿಧಾನವಾಗಿ ನಡೆಯುತ್ತದೆ. ಅನೇಕರಲ್ಲಿ ಅದರ ಮೊದಲ ಮೆಟ್ಟಿಲು ಒಂದು ಸುರುಳಿ ಆಕಾರದ ಸೂಕ್ಷ್ಮಜೀವಿ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಇಷ್ಟು ಹುಳಿಯಲ್ಲಿ ಸೂಕ್ಷ್ಮಜೀವಿ ಬದುಕೀತು ಎಂದು ವೈದ್ಯರು ನಂಬಿರಲಿಲ್ಲ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಅದನ್ನು ಕಂಡರು. ಯಾರೂ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಆ ಸೂಕ್ಷ್ಮಜೀವಿಗಳು ತುಂಬಿದ ದ್ರವವನ್ನು ತಾವೇ ಗಟಗಟ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ಅವರ ಹೊಟ್ಟೆ ಕೆಟ್ಟು, ಜಠರದ ಒಳಪೊರೆ ಉರಿಯೂತದಿಂದ ಊದಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ನೀವು ಮಾತ್ರ ಇಂಥ ಸಾಹಸ ಮಾಡಬೇಡಿ.

ಈ ಸೂಕ್ಷ್ಮಜೀವಿ ಹೊಟ್ಟೆಯಲ್ಲಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಬಹುಪಾಲು ಜನರಿಗೆ ಬರುವುದೇ ಇಲ್ಲ. ಕೆಲವರಲ್ಲಿ ಮಾತ್ರ ಒಳಪೊರೆ ವರ್ಷಗಟ್ಟಲೆ ಉರಿದು ಸವೆಯುತ್ತದೆ. ಸವೆದ ಜಾಗದಲ್ಲಿ ಜಠರದ ಜೀವಕೋಶಗಳ ಬದಲು ಕರುಳಿನಂಥ ಜೀವಕೋಶಗಳು ಬೆಳೆಯುತ್ತವೆ. ಆಮೇಲೆ ಅವುಗಳ ಸಾಲು ಕೆಡುತ್ತದೆ. ಕೊನೆಗೆ ಕೆಲವು ಜೀವಕೋಶಗಳು ಗೋಡೆಯ ಮೊದಲ ಪದರಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ನುಗ್ಗುತ್ತವೆ. ಈಗ ನಮ್ಮ ನಾಲ್ಕು ಪದರು ನೆನಪಾದವೇ?

ನಮ್ಮ ಊರಿನವರಿಗೆ ಇದನ್ನು ತಿಳಿಸುವುದು ಸುಲಭ. ಬೆಣ್ಣಿಹಳ್ಳದ ನೀರು ಬಂದು ಮಲಪ್ರಭೆ ತುಂಬಿದಾಗ, ಹೊಳೆ ದಂಡೆಯೊಳಗೆ ಇರುವ ತನಕ ಊರು ನಿದ್ದೆ ಮಾಡುತ್ತದೆ. ದಂಡೆ ದಾಟಿ ಹೊಲಕ್ಕೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಓಣಿಗೇ ಬಂದರೆ ಗಂಟು ಕಟ್ಟಬೇಕು. ಜಠರದ ಕ್ಯಾನ್ಸರೂ ಮೊದಲ ಪದರಿನಲ್ಲಿ ಇದ್ದಾಗ ಸಿಕ್ಕರೆ ವೈದ್ಯರು ಅದನ್ನು ಪೂರ್ತಿ ತೆಗೆದುಹಾಕಬಲ್ಲರು. ಗೋಡೆ ದಾಟಿ ಬೇರೆ ಅಂಗಗಳಿಗೆ ಹೋದ ಮೇಲೆ ಬಹಳ ಕಷ್ಟ. ಹಾಗಾಗಿ ಹೊಳೆ ಎಲ್ಲಿಗೆ ಬಂದಿದೆ, ಎಷ್ಟು ರಭಸವಾಗಿದೆ ಎಂದು ತಿಳಿಯುವುದೇ ದೊಡ್ಡ ಕೆಲಸ.

ಅದನ್ನು ತಿಳಿಸುವ ಗುರುತುಗಳಲ್ಲಿ ಕೆಲವು ಪ್ರೋಟೀನುಗಳೂ ಇವೆ. ದಾರಿ ತಪ್ಪಿದ ಜೀವಕೋಶದಲ್ಲಿ ಒಂದು ಪ್ರೋಟೀನು ಇರಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ, ಇನ್ನೊಂದು ಇಲ್ಲವಾಗುತ್ತದೆ. ವೈದ್ಯರು ಇವುಗಳನ್ನು ಗುರುತುಗಳಂತೆ ಓದುತ್ತಾರೆ. ನಾಲ್ಕನ್ನು ನಿಮಗೆ ಪರಿಚಯ ಮಾಡಿಸುತ್ತೇನೆ. ಹೆಸರು ಸ್ವಲ್ಪ ವಿಚಿತ್ರ, ಹೆದರಬೇಡಿ.

ಮೊದಲನೆಯದು ಹರ್-2. ಇದು ಜೀವಕೋಶದ ಹೊರಮೈಯಲ್ಲಿ ಇರುವ ಮೈಕು ಎಂದುಕೊಳ್ಳಿ. "ಬೆಳೆ, ಎರಡಾಗು" ಎಂಬ ಸುದ್ದಿಯನ್ನು ಜೋರು ಮಾಡಿ ಒಳಗೆ ಮುಟ್ಟಿಸುವುದು ಇದರ ಕೆಲಸ. ಊರಿಗೆ ಒಂದು ಮೈಕು ಇದ್ದರೆ ಪಂಚಾಯತಿಯ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಮಾಳಿಗೆ ಮಾಳಿಗೆಯ ಮೇಲೂ ಇಪ್ಪತ್ತು ಮೈಕು ಕಟ್ಟಿ ಹಗಲು ರಾತ್ರಿ ಕೂಗಿಸಿದರೆ? ಜಠರದ ಕ್ಯಾನ್ಸರ್ ಆದವರಲ್ಲಿ ಸುಮಾರು ಐದಾರು ಮಂದಿಗೆ ಒಬ್ಬರಲ್ಲಿ ಹೀಗೆ ಹರ್-2 ಅತಿಯಾಗಿರುತ್ತದೆ.

ಎರಡನೆಯದು ಪಿ53. ಪಿ ಎಂದರೆ ಪ್ರೋಟೀನು, 53 ಎಂಬುದು ಅದನ್ನು ತೂಗಿದಾಗ ಬಂದ ಅಂಕಿ. ಇದು ನಕಲು ಪುಸ್ತಕ ತಿದ್ದಿಸುವ ಮಾಸ್ತರರು. ನಕಲಿನಲ್ಲಿ ತಪ್ಪು ಕಂಡರೆ "ನಿಲ್ಲು, ಮೊದಲು ಇದನ್ನು ಸರಿ ಮಾಡು" ಎನ್ನುತ್ತದೆ. ತಪ್ಪು ಬಹಳವಾದರೆ ಆ ಜೀವಕೋಶವನ್ನೇ ಸಾಯಿಸುತ್ತದೆ. ಅನೇಕ ಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಈ ಮಾಸ್ತರರೇ. ಒಂದು ತಮಾಷೆ ಕೇಳಿ: ಒಳ್ಳೆಯ ಪಿ53 ತನ್ನ ಕೆಲಸ ಮುಗಿಸಿ ಬೇಗ ಕರಗುತ್ತದೆ, ಕೆಟ್ಟ ಪಿ53 ಬಹಳ ಸಲ ಕರಗದೆ ರಾಶಿ ಬೀಳುತ್ತದೆ. ಹೀಗಾಗಿ ರಾಶಿ ಕಂಡರೆ ವೈದ್ಯರಿಗೆ ಅನುಮಾನ.

ಮೂರನೆಯದು ಇ-ಕ್ಯಾಡ್ಹೆರಿನ್. ಪ್ರಾರ್ಥನೆಯ ಸಾಲಿನಲ್ಲಿ ಪುಟ್ಟ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಾರಲ್ಲ, ಆ ಕೈ ಇದು. ಪಕ್ಕದ ಜೀವಕೋಶವನ್ನು ಬಿಡದೆ ಹಿಡಿದಿರುತ್ತದೆ. ಹಾಗೆ ಹಿಡಿಯಲು ಅದಕ್ಕೆ ಕ್ಯಾಲ್ಸಿಯಂ ಬೇಕು, ಕ್ಯಾಡ್ಹೆರಿನ್ ಎಂಬ ಹೆಸರಿನ ಮೊದಲಲ್ಲೇ ಕ್ಯಾಲ್ಸಿಯಂ ಅಡಗಿದೆ. ಆಯಿಯ ಸುಣ್ಣದಲ್ಲಿ ಇರುವುದೂ ಅದೇ ಕ್ಯಾಲ್ಸಿಯಂ! ಇ-ಕ್ಯಾಡ್ಹೆರಿನ್ ಇಲ್ಲವಾದರೆ ಕೈ ಬಿಟ್ಟ ಮಕ್ಕಳು ಜಾತ್ರೆಯಲ್ಲಿ ಚದುರಿದಂತೆ ಜೀವಕೋಶಗಳು ಒಂದೊಂದಾಗಿ ಗೋಡೆಯ ಪದರುಗಳೊಳಗೆ ನುಸುಳುತ್ತವೆ.

ನಾಲ್ಕನೆಯದು ಕಿ-67. ಜರ್ಮನಿಯ ಕೀಲ್ ಎಂಬ ಊರಿನಲ್ಲಿ ಸಿಕ್ಕಿತೆಂದು ಕಿ, ಪ್ರಯೋಗದ ತಟ್ಟೆಯ 67ನೆಯ ಗುಳಿಯಲ್ಲಿ ಸಿಕ್ಕಿತೆಂದು 67. ಒಡೆದು ಎರಡಾಗಲು ಹೊರಟ ಜೀವಕೋಶದಲ್ಲಿ ಮಾತ್ರ ಇದು ಇರುತ್ತದೆ, ಸುಮ್ಮನೆ ಕೂತ ಜೀವಕೋಶದಲ್ಲಿ ಇರುವುದಿಲ್ಲ. ನೂರರಲ್ಲಿ ಎಷ್ಟು ಜೀವಕೋಶಗಳಲ್ಲಿ ಕಿ-67 ಇದೆ ಎಂದು ಎಣಿಸಿದರೆ ಹೊಳೆಯ ರಭಸ ತಿಳಿಯುತ್ತದೆ.

ಇಷ್ಟು ಸಣ್ಣ ಜೀವಕೋಶ, ಅದರೊಳಗೆ ಇನ್ನೂ ಸಣ್ಣ ಪ್ರೋಟೀನು. ನೋಡುವುದು ಹೇಗೆ? ಈಗ ನಮ್ಮ ಅರಿಷಿಣದ ಉಪಾಯ ಬರುತ್ತದೆ. ವೈದ್ಯರು ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ತೆಳ್ಳನೆಯ ನಳಿಕೆಯನ್ನು ಬಾಯಿಂದ ಜಠರಕ್ಕೆ ಇಳಿಸುತ್ತಾರೆ. ಅನುಮಾನ ಬಂದ ಜಾಗದಿಂದ ಜೋಳದ ಕಾಳಿಗಿಂತ ಸಣ್ಣ ಚೂರು ತೆಗೆಯುತ್ತಾರೆ. ಅದನ್ನು ಮೇಣದಲ್ಲಿ ಕೂರಿಸಿ, ಸವತೆಕಾಯಿ ಹೆಚ್ಚಿದಂತೆ ಹೋಳು ಮಾಡುತ್ತಾರೆ. ಎಂಥ ಹೋಳು ಅಂತೀರಿ? ಒಂದು ಮಿಲಿಮೀಟರಿನಲ್ಲಿ ಸುಮಾರು 250 ಹೋಳು!

ಆ ಹೋಳನ್ನು ಗಾಜಿನ ಪಟ್ಟಿಯ ಮೇಲೆ ಹಾಸಿ, ಅದರ ಮೇಲೆ ಪ್ರತಿಕಾಯ ಎಂಬುದನ್ನು ಹಾಕುತ್ತಾರೆ. ಪ್ರತಿಕಾಯವೂ ಒಂದು ಪ್ರೋಟೀನೇ. ಒಂದು ಕೀಲಿಗೆ ಒಂದೇ ಕೀಲಿಕೈ ಕೂರುವಂತೆ, ಹರ್-2 ಪ್ರತಿಕಾಯ ಹರ್-2ನ್ನು ಮಾತ್ರ ಹುಡುಕಿ ಹಿಡಿಯುತ್ತದೆ. ಅದು ಹಿಡಿದ ಕಡೆಯಲ್ಲೆಲ್ಲ ಕಂದು ಬಣ್ಣ ಏಳುವಂತೆ ಏರ್ಪಾಡು ಮಾಡಿರುತ್ತಾರೆ. ಅರಿಷಿಣ ಕೆಂಪಾಗುವ ಬಗೆ ಬೇರೆ, ಇದರ ಬಗೆ ಬೇರೆ. ಬಣ್ಣ ಬಂದು ಗುಟ್ಟು ಹೇಳುವ ಉಪಾಯ ಮಾತ್ರ ಒಂದೇ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಚುಕ್ಕೆಗಳ ಹೊಲದ ನಡುವೆ ಕಂದು ಗೆರೆಗಳು. ಬಣ್ಣ ಇಲ್ಲದಿದ್ದರೆ ಸೊನ್ನೆ, ಗಾಢವಾಗಿದ್ದರೆ 3 ಎಂದು ಹರ್-2ಕ್ಕೆ ಅಂಕ ಕೊಡುತ್ತಾರೆ, ನಿಮ್ಮ ಪರೀಕ್ಷೆಯ ಹಾಗೆ. ಇ-ಕ್ಯಾಡ್ಹೆರಿನ್ ಪರೀಕ್ಷೆಯಲ್ಲಿ ಬಣ್ಣ ಬಾರದಿರುವುದೇ ಸುದ್ದಿ: ಇಲ್ಲಿ ಕೈಗಳು ಬಿಟ್ಟುಹೋಗಿವೆ.

"ಹೊಟ್ಟೆಯೊಳಗೆ ನಳಿಕೆ ಇಳಿಸುವ ಬದಲು ರಕ್ತ ನೋಡಿ ಹೇಳಲಿಕ್ಕೆ ಬರೂದಿಲ್ಲೇನು ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನವರು ಜಠರದ ಕ್ಯಾನ್ಸರ್ ಇದ್ದವರ ಮತ್ತು ಅದೇ ವಯಸ್ಸಿನ ಆರೋಗ್ಯವಂತರ ರಕ್ತದ ತಿಳಿಯನ್ನು ಹೋಲಿಸಿ ನೋಡಿದರು. ಮೊಸರಿನ ಮೇಲೆ ತಿಳಿನೀರು ನಿಲ್ಲುವಂತೆ, ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ನೀರು ಅದು.

ಆ ತಿಳಿಯಲ್ಲಿ ಅವರು 643 ಪ್ರೋಟೀನುಗಳನ್ನು ಗುರುತಿಸಿದರು. ಅವುಗಳಲ್ಲಿ 48 ರೋಗಿಗಳಲ್ಲಿ ಹೆಚ್ಚಾಗಿದ್ದವು, 11 ಕಡಿಮೆಯಾಗಿದ್ದವು. 2015ರಲ್ಲಿ ಇದನ್ನು ಪ್ರಕಟಿಸಿದರು. ಅಕ್ಕಿ ಆರಿಸುವವರು ಮೊರದಲ್ಲಿ ಕಾಳು ಕಾಳನ್ನೂ ನೋಡಿ ಹರಳು ತೆಗೆಯುತ್ತಾರಲ್ಲ, ಅಷ್ಟು ತಾಳ್ಮೆಯ ಕೆಲಸ ಅದು. ಹೆಚ್ಚಾದವುಗಳಲ್ಲಿ ಎರಡನ್ನು ಬೇರೆ ವಿಧಾನದಿಂದ ಮತ್ತೊಮ್ಮೆ ತೂಗಿ ಖಾತ್ರಿ ಮಾಡಿಕೊಂಡರು.

ಅವೆರಡರಲ್ಲಿ ಒಂದರ ಹೆಸರು ಎಸ್‌ಎಎ1. ಹಾಗಾದರೆ ಇದೊಂದನ್ನು ಅಳೆದರೆ ಸಾಕಲ್ಲ ಎನ್ನುತ್ತೀರಾ? ಇಲ್ಲೇ ಇರುವುದು ತೊಡಕು. ಮೈಯಲ್ಲಿ ಎಲ್ಲಿ ಉರಿಯೂತವಾದರೂ ಎಸ್‌ಎಎ1 ಏರುತ್ತದೆ. ಊರಲ್ಲಿ ಡಂಗುರ ಕೇಳಿತು ಎಂದರೆ ಏನೋ ಸುದ್ದಿ ಇದೆ ಎಂದು ಮಾತ್ರ ಗೊತ್ತಾಗುತ್ತದೆ, ಯಾವ ಸುದ್ದಿ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ರಕ್ತದಲ್ಲಿ ಸಿಕ್ಕ ಇಂಥ ಗುರುತುಗಳನ್ನು ಸಾವಿರಾರು ಜನರಲ್ಲಿ ಪರೀಕ್ಷಿಸಿದ ಮೇಲೆಯೇ ನಂಬಬೇಕು. ಸದ್ಯಕ್ಕೆ ಜಠರದ ಕ್ಯಾನ್ಸರನ್ನು ಖಚಿತ ಮಾಡುವುದು ನಳಿಕೆ ಇಳಿಸಿ ತೆಗೆದ ಆ ಚೂರೇ.

ಗುರುತಿನಿಂದ ಇನ್ನೊಂದು ಲಾಭವಿದೆ. ಹರ್-2ನ್ನು ಹುಡುಕಿ ಹಿಡಿಯುವ ಪ್ರತಿಕಾಯದಿಂದಲೇ ಔಷಧಿ ಏಕೆ ಮಾಡಬಾರದು ಎಂದು ವಿಜ್ಞಾನಿಗಳು ಯೋಚಿಸಿದರು. ಹಾಗೆ ಬಂದದ್ದು ಟ್ರಾಸ್ಟುಜುಮ್ಯಾಬ್. ಅದು ಆ ಮೈಕುಗಳ ಬಾಯಿಗೆ ಬಟ್ಟೆ ತುರುಕಿದಂತೆ ಕೂಗನ್ನು ತಗ್ಗಿಸುತ್ತದೆ. ಜಠರದ ಕ್ಯಾನ್ಸರಿನಲ್ಲಿ ಹರ್-2 ಹೆಚ್ಚಿದ್ದವರಿಗೆ ಉಳಿದ ಚಿಕಿತ್ಸೆಯ ಜೊತೆ ಇದನ್ನು ಕೊಟ್ಟಾಗ ಅವರು ಹೆಚ್ಚು ಕಾಲ ಬದುಕಿದರು ಎಂದು 2010ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಇದೇ ಬಗೆಯ ಔಷಧಿಯನ್ನು, ಮೊದಲು ಸ್ತನದ ಕ್ಯಾನ್ಸರಿಗೆಂದು, ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದಿತು. ಹರ್-2 ಹೆಚ್ಚಿಲ್ಲದವರಿಗೆ ಈ ಔಷಧಿಯಿಂದ ಉಪಯೋಗವಿಲ್ಲ. ಮೊದಲು ಬಣ್ಣ ನೋಡಬೇಕು, ಆಮೇಲೆ ಔಷಧಿ.

ಈ ಪರೀಕ್ಷೆ, ಚಿಕಿತ್ಸೆಗಳಿಗೆ ನಮ್ಮವರು ಹೊಳೆ ಆಲೂರಿನಲ್ಲಿ ರೈಲು ಹತ್ತಿ ಗದಗಿಗೆ, ಹುಬ್ಬಳ್ಳಿಗೆ ಹೋಗಬಹುದು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಇದೆ. ದೂರ ಹೆಚ್ಚೇನಲ್ಲ, ತಡ ಮಾಡುವುದೇ ಹೆಚ್ಚು. "ಪಿತ್ತ ಆಗೇತಿ, ಸೋಡಾ ಕುಡಿದರ ಹೋಗತೈತಿ" ಎಂದು ತಿಂಗಳುಗಟ್ಟಲೆ ತಳ್ಳುವುದು ನಮ್ಮ ಹಿರಿಯರ ಚಾಳಿ. ಹೊಟ್ಟೆನೋವು ಬಹುತೇಕ ಸಲ ಸಣ್ಣ ಕಾರಣದ್ದೇ. ಆದರೆ ಹಸಿವು ಸತ್ತು, ಕಾರಣವಿಲ್ಲದೆ ತೂಕ ಇಳಿದು, ನುಂಗಲು ಕಷ್ಟವಾಗಿ, ಇಲ್ಲವೆ ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿದ್ದರೆ ಸೋಡಾ ಕುಡಿದು ಕೂರಬಾರದು.

ಮಕ್ಕಳೇ, ಈಗ ನಿಮಗೊಂದು ಕೆಲಸ. ಸುಣ್ಣ ಕಣ್ಣಿಗೆ ತಾಗಿದರೆ ಅಪಾಯ, ಅದನ್ನು ಮುಟ್ಟಬೇಡಿ. ಬಿಳಿ ಅರಿವೆಯ ತುಂಡಿಗೆ ಅರಿಷಿಣ ಹಚ್ಚಿ ಒಣಗಿಸಿ. ಅದರ ಮೇಲೆ ಬಟ್ಟೆ ಒಗೆಯುವ ಸಾಬೂನಿನ ನೀರು ಒಂದು ಹನಿ ಬಿಡಿ, ಕೆಂಪಾಗುತ್ತದೆ. ಆ ಕೆಂಪಿನ ಮೇಲೆ ನಿಂಬೆರಸ ಬಿಡಿ, ಮತ್ತೆ ಹಳದಿಯಾಗುತ್ತದೆ. ಇದನ್ನು ನಿಮ್ಮ ಅಜ್ಜನಿಗೆ, ಆಯಿಗೆ ತೋರಿಸಿ. ಅರಿಷಿಣ ಕ್ಯಾನ್ಸರನ್ನು ಪತ್ತೆ ಮಾಡುವುದಿಲ್ಲ, ವಾಸಿಯೂ ಮಾಡುವುದಿಲ್ಲ ಎಂಬುದನ್ನೂ ಹೇಳಿ. ಪಕ್ಕದಲ್ಲೇ ಕೂತು ಮೈಕು, ಮಾಸ್ತರರು, ಹಿಡಿದ ಕೈ, ಹೊಳೆಯ ರಭಸದ ಕತೆ ಹೇಳಿ. ಕೊನೆಗೆ ಮೆಲ್ಲಗೆ ಕೇಳಿ: "ಅಜ್ಜಾ, ನಿನ್ನ ಹೊಟ್ಟಿ ಆರಾಮ ಐತೇನು?" ಇಲ್ಲ ಎಂದರೆ, ಮನೆಯಲ್ಲಿ ದೊಡ್ಡವರಿಗೆ ಅವತ್ತೇ ತಿಳಿಸಿ.